ಶಿಕ್ಷೆ ಆಗಲೇಬೇಕು, ಸರಿ. ಯಾರಿಗೆ?

ನಮಸ್ಕಾರ.

ಶಾಲೆಯಲ್ಲಿ ಸಹಪಾಠಿಗಳನ್ನು ಗೋಳುಹುಯ್ದುಕೊಳ್ಳುವವರಿಗೆ, ಆನ್‌ಲೈನ್‌ನಲ್ಲಿ ಕಿರುಕುಳ ಕೊಡುವವರಿಗೆ ಶಾಲೆಯೂ ಕಾನೂನೂ ಶಿಕ್ಷೆ ಕೊಡಬೇಕು ಎನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಒಂದೇ ಸಾಲು ಬರೆದು ವಾಪಸ್ ಕಳಿಸುವ ಬರಹವೂ ಅಲ್ಲ. ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ಬರೀ ಸಿಟ್ಟು. ಸಿಟ್ಟು ಬರುವ ವಿಷಯವೇ, ಒಪ್ಪುತ್ತೇನೆ. ಆದರೆ ‘ಕಠಿಣ ಶಿಕ್ಷೆ’ ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಯಾವ ತಪ್ಪಿಗೆ ಯಾರು ಕೊಡಬೇಕು ಅನ್ನುವುದು ಎಲ್ಲೂ ಇಲ್ಲ. ಹತ್ತು ವರ್ಷದ ಹುಡುಗ ಪಕ್ಕದವನಿಗೆ ಅಡ್ಡಹೆಸರಿಟ್ಟು ದಿನಾ ರೇಗಿಸುತ್ತಾನೆ. ದೊಡ್ಡವನೊಬ್ಬ ನಕಲಿ ಖಾತೆ ತೆರೆದು ಹುಡುಗಿಯ ಫೋಟೊ ತಿರುಚಿ ಹಂಚುತ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ಎರಡನೆಯದು ಪೊಲೀಸರ ಕೆಲಸ, ಅದರಲ್ಲಿ ವಾದವೇ ಇಲ್ಲ. ಮೊದಲನೆಯದಕ್ಕೂ ಪೊಲೀಸರನ್ನು ಕರೆಸುತ್ತೀರಾ? ಇಲ್ಲ ಅಂದರೆ ಗೆರೆ ಎಲ್ಲಿ? ಓದುಗರಿಗೆ ಬೇಕಾಗಿರುವುದು ಅದೇ.

‘ಆನ್‌ಲೈನ್‌ನಲ್ಲಿ ಮನಸ್ಸು ನೋಯಿಸಿದರೆ ಜೈಲು’ ಎಂಬ ಕಾನೂನು ಬರಲಿ ಎನ್ನುತ್ತೀರಿ. ಹೆಚ್ಚುಕಡಿಮೆ ಅಂಥದ್ದೇ ಒಂದು ಭಾರತದಲ್ಲಿ ಇತ್ತು, ಐಟಿ ಕಾಯ್ದೆಯ ಸೆಕ್ಷನ್ 66ಎ. ಕಿರಿಕಿರಿ ಮಾಡುವ ಸಂದೇಶಕ್ಕೂ 3 ವರ್ಷದವರೆಗೆ ಜೈಲು ಆಗಬಹುದಿತ್ತು. ಕಿರಿಕಿರಿ ಅಂದರೇನು ಅಂತ ಹೇಳಿರಲಿಲ್ಲ. ರಾಜಕಾರಣಿಗಳ ಬಗ್ಗೆ ಏನೋ ಪೋಸ್ಟ್ ಮಾಡಿದವರು ಅರೆಸ್ಟ್ ಆದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇದನ್ನು ಬಿಟ್ಟು ಬರೆದರೆ ನಿಮ್ಮ ವಾದವನ್ನು ಯಾರು ಬೇಕಾದರೂ ಬೀಳಿಸುತ್ತಾರೆ. ಬೆದರಿಕೆ, ಬೆನ್ನು ಹತ್ತುವುದು, ಖಾಸಗಿ ಚಿತ್ರ ಹಂಚುವುದು ಅಂತ ಕೃತ್ಯಗಳನ್ನು ಹೆಸರಿಸಿ ಕೇಳಿ. ನೋವನ್ನು ಅಳೆಯಲು ಹೋಗಬೇಡಿ.

ಇನ್ನು ಮೂರನೇ ಪುಟ. ‘ಹೊಡೆತ ತಿಂದ ಹುಡುಗನೇ ಕೊನೆಗೆ ಶಾಲೆ ಬದಲಿಸಿದ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಲ್ಲ! ನಿಮ್ಮ ಲೇಖನ ಇರುವುದೇ ಅಲ್ಲಿ. ಫ್ರಾನ್ಸ್ 2022ರಲ್ಲಿ ಶಾಲಾ ಕಿರುಕುಳವನ್ನೇ ಅಪರಾಧ ಮಾಡಿತು. ಆದರೆ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಅಲ್ಲೇ 2023ರಲ್ಲಿ ಬಂದ ಇನ್ನೊಂದು ನಿಯಮ: ಪ್ರಾಥಮಿಕ ಶಾಲೆಯಲ್ಲಿ ಕಾಟ ಕೊಟ್ಟ ಮಗುವನ್ನೇ ಬೇರೆ ಶಾಲೆಗೆ ಕಳಿಸಬಹುದು. ಇದು ಶಿಕ್ಷೆಯೋ, ಇನ್ನೊಂದು ಮಗುವಿನ ರಕ್ಷಣೆಯೋ? ಆ ಹೊಸ ಶಾಲೆಯ ಮಕ್ಕಳ ಗತಿ ಏನು? ಇದರ ಮೇಲೆ ಎರಡು ಪುಟ ಬರೆಯಿರಿ, ಖುಷಿಯಿಂದ ಓದುತ್ತೇನೆ.

ಒಂದು ದೊಡ್ಡ ಕೊರತೆ ಇದೆ. ನಿಮ್ಮ ಕಥೆಯಲ್ಲಿ ಇರುವುದು ಇಬ್ಬರೇ, ಹೊಡೆದವನು ಮತ್ತು ತಿಂದವನು. ಸುತ್ತ ನಿಂತು ನಕ್ಕವರು ಎಲ್ಲಿ? ಶಾಲೆಗಳಲ್ಲಿ ಕಿರುಕುಳ ತಡೆಯಲು ಫಿನ್ಲೆಂಡ್‌ನಲ್ಲಿ ರೂಪಿಸಿದ ‘ಕಿವಾ’ ಕಾರ್ಯಕ್ರಮ ಬದಲಾಯಿಸಲು ನೋಡುವುದೇ ಅವರನ್ನು. ಅವರು ನಗುವುದನ್ನು ನಿಲ್ಲಿಸಿದರೆ ಕಾಟ ಕೊಡುವವನಿಗೆ ಮಜಾ ಉಳಿಯುವುದಿಲ್ಲ ಎನ್ನುವುದು ಅದರ ಲೆಕ್ಕ. ಆನ್‌ಲೈನ್‌ನಲ್ಲಿ ಆ ಗುಂಪು ಇನ್ನೂ ದೊಡ್ಡದು, ಫಾರ್ವರ್ಡ್ ಮಾಡಿದವರೆಲ್ಲ ಸೇರುತ್ತಾರೆ. ಅವರಿಗೇನು ಶಿಕ್ಷೆ? ಯೋಚಿಸಿ ಬರೆಯಿರಿ, ನನಗೂ ಸುಲಭದ ಉತ್ತರ ಕಾಣುತ್ತಿಲ್ಲ.

ಮೂಲ ಹೇಳದ ಅಂಕಿಗಳನ್ನು ತೆಗೆಯಿರಿ. ಕೊನೆಯ ಪ್ಯಾರಾದ ಘೋಷಣೆಗಳೂ ಬೇಡ. ಅರ್ಧಕ್ಕೆ ಇಳಿಸಿ ಕಳಿಸಿ. ಶೀರ್ಷಿಕೆ ನಾನು ನೋಡಿಕೊಳ್ಳುತ್ತೇನೆ.

– ಸಂಪಾದಕ