ದ್ರಾಕ್ಷಿ ಪಡದ ಮೇಲೆ ಹೈಪರ್‌ಸ್ಪೆಕ್ಟ್ರಲ್ (ಬೆಳಕನ್ನು ನೂರಾರು ಸಣ್ಣ ಬಣ್ಣದ ಪಟ್ಟಿಗಳಾಗಿ ಬಿಡಿಸಿ ಅಳೆಯುವ) ಕ್ಯಾಮೆರಾದ ಡ್ರೋನ್ ಹಾರಿಸಿ ಕಾಯಿಯ ಸಿಹಿ ತಿಳಿಯಬಹುದೇ?

ಇದೇ ಆಸೆಯಿಂದ ನಾನೂ ವಿಜಯಪುರದ ಕಡೆ ಒಂದು ಪಡಕ್ಕೆ ಕ್ಯಾಮೆರಾ ಬಾಡಿಗೆಗೆ ತಂದಿದ್ದೆ. ಸಿಹಿ ಸಿಗುವುದಿಲ್ಲ. ಚಪ್ಪರದಲ್ಲಿ ಗೊನೆ ತೂಗುವುದು ಎಲೆಯ ಕೆಳಗೆ, ಮೇಲಿನಿಂದ ಕಾಣುವುದು ಎಲೆ ಮಾತ್ರ. ಸಾರಜನಕದ ಕೊರತೆ ಹುಡುಕಲು ಹಾರಿಸಿ, ಸಿಹಿಗೆ ರಿಫ್ರಾಕ್ಟೋಮೀಟರ್ (ರಸದ ಹನಿಯಲ್ಲಿ ಸಿಹಿ ಅಳೆಯುವ ಉಪಕರಣ) ಹಿಡಿಯಿರಿ.

ಸಾರಜನಕದಲ್ಲೂ ನಾನು ಎಡವಿದ್ದು ಕ್ಯಾಮೆರಾಗೆ ಅಳತೆಗೋಲಾಗಿ ತೋರಿಸುವ ಫಲಕದ ವಿಷಯದಲ್ಲಿ. ಕ್ಯಾಮೆರಾ ಕೊಡುವುದು 400ರಿಂದ 1000 ನ್ಯಾನೊಮೀಟರ್ ತರಂಗಾಂತರದವರೆಗಿನ ಒಂದೊಂದು ಪಟ್ಟಿಯಲ್ಲೂ ಎಷ್ಟು ಬೆಳಕು ಬಂತೆಂಬ ಎಣಿಕೆ ಅಷ್ಟೇ. ಬಿದ್ದ ಬಿಸಿಲಿನಲ್ಲಿ ಎಲೆ ಎಷ್ಟು ಪಾಲು ಹಿಂತಿರುಗಿಸಿತು ಎಂದು ತಿಳಿಯಬೇಕಾದರೆ ಆ ಎಣಿಕೆಯನ್ನು ಪ್ರತಿಫಲನ ಗೊತ್ತಿರುವ ಫಲಕದ ಎಣಿಕೆಯಿಂದ ಭಾಗಿಸಬೇಕು. ನವೆಂಬರ್‌ನ ಆ ದಿನ 10 ಗಂಟೆಗೆ ಒಮ್ಮೆ ಫಲಕ ತೋರಿಸಿ, 11:45ರವರೆಗೆ ಹಾರಿಸಿದೆ. ಒಂದು ತುಣುಕು ಮೋಡವೂ ಇರಲಿಲ್ಲ. ಆದರೆ ಅಷ್ಟರಲ್ಲಿ ಸೂರ್ಯ ಏರಿ ಬಿಸಿಲು ಸುಮಾರು 20% ಹೆಚ್ಚಿತ್ತು. ನಾನು ಭಾಗಿಸಿದ್ದು 10 ಗಂಟೆಯ ಫಲಕದ ಎಣಿಕೆಯಿಂದಲೇ, ಹಾಗಾಗಿ ಕೊನೆಗೆ ಹಾರಿಸಿದ ಭಾಗದಲ್ಲಿ 550 ನ್ಯಾನೊಮೀಟರ್‌ನ ಹಸಿರು ಏರಿತು; ಎಲೆ ಬಿಳಿಚಿದೆ ಎಂದುಕೊಂಡು ಡ್ರಿಪ್‌ನಲ್ಲಿ ಯೂರಿಯಾ ಬಿಟ್ಟೆ. ಎಲೆತೊಟ್ಟಿನಲ್ಲಿ ಸಾರಜನಕ ಎಷ್ಟಿದೆ ಎಂಬ ಪ್ರಯೋಗಾಲಯದ ವರದಿ ಬಂದಾಗ ಅಲ್ಲಿ ಕೊರತೆಯೇ ಇರಲಿಲ್ಲ. ಆಮೇಲೆ ಎಳೆ ಚಿಗುರು ಒತ್ತೊತ್ತಾಗಿ ಬಂದು ಬೂಜುರೋಗ ಹಿಡಿಯಿತು.

ನಿಜವಾದ ಕೊರತೆಯಲ್ಲಿ ಹಸಿರು ಏರುತ್ತದೆ, ಪ್ರತಿಫಲನದ ಗೆರೆಯಲ್ಲಿ 700–720ರ ಕಡಿದಾದ ಏರು ಎಡಕ್ಕೆ, ಅಂದರೆ ಕಡಿಮೆ ತರಂಗಾಂತರದ ಕಡೆ, ಸರಿಯುತ್ತದೆ, 780 ಹಾಗೆ ಏರುವುದಿಲ್ಲ. ನನ್ನ ನಕ್ಷೆಯಲ್ಲಿ 780 ಕೂಡ ಅಷ್ಟೇ ಪ್ರಮಾಣದಲ್ಲಿ ಏರಿತ್ತು. ನಕ್ಷೆಯಲ್ಲಿ ಕೊರತೆ ಎಂದು ಕಂಡ ಕಲೆಯ ಅಂಚು ಬಳ್ಳಿಯ ಸಾಲನ್ನು ಬಿಟ್ಟು ಡ್ರೋನ್ ಹಾರಿದ ಗೆರೆಯನ್ನೇ ಹಿಡಿದಿತ್ತು. ಇವೆರಡನ್ನು ಮೊದಲು ನೋಡಿ.

ಹಾಗಾಗಿ ಪ್ರತಿ ಬ್ಯಾಟರಿಗೂ, ಹಾರುವ ಮುಂಚೆ ಮತ್ತು ಇಳಿದ ಮೇಲೆ, ಫಲಕ ತೋರಿಸಲೇಬೇಕು. ಲೆನ್ಸ್ ಮುಚ್ಚಿ ಕತ್ತಲ ಎಣಿಕೆಯನ್ನೂ (ಬೆಳಕಿಲ್ಲದಾಗಲೂ ಕ್ಯಾಮೆರಾ ತೋರುವ ಎಣಿಕೆ, ಉಳಿದವುಗಳಿಂದ ಕಳೆಯಲು) ತೆಗೆದುಕೊಳ್ಳಿ. 50% ಬೂದು ಫಲಕ ಒಳ್ಳೆಯದು. 99% ಬಿಳಿಯದು ಬಿಸಿಲಿನಲ್ಲಿ ಎಣಿಕೆಯ ಮಿತಿ ಮುಟ್ಟಿಬಿಟ್ಟರೆ ಭಾಗಾಕಾರವೇ ತಪ್ಪುತ್ತದೆ. ಪಿಕ್ಸೆಲ್ 5 ಸೆಂ.ಮೀ. ಇದ್ದರೆ ಫಲಕ 50 ಸೆಂ.ಮೀ. ಇರಲಿ, ಅಂಚು ಬಿಟ್ಟು ನಡುವಿನ ಪಿಕ್ಸೆಲ್ ಮಾತ್ರ ಬಳಸಿ. ಸಮತಟ್ಟಾಗಿ ಇಡಿ, ಮುಖ ಮುಟ್ಟಬೇಡಿ, ಬಣ್ಣದ ಅಂಗಿ ತೊಟ್ಟು ಪಕ್ಕದಲ್ಲಿ ನಿಲ್ಲಬೇಡಿ. ಅದೇ ದಿನ ಎಲೆತೊಟ್ಟು ಕಿತ್ತು, ಕಿತ್ತ ಜಾಗದ ಜಿಪಿಎಸ್ ಬರೆದಿಟ್ಟುಕೊಳ್ಳಿ.

ಸಿಹಿಗೇ ಈ ಕ್ಯಾಮೆರಾ ಬೇಕೆಂದರೆ ಕೊಯ್ಲಾದ ಮೇಲೆ ಪ್ಯಾಕ್‌ಹೌಸ್‌ನ ಬೆಲ್ಟ್ ಮೇಲೆ ಕಟ್ಟಿ. ಹ್ಯಾಲೊಜನ್ ದೀಪವೇ ಹಾಕಿ. ಬಿಳಿ ಎಲ್‌ಇಡಿಯಲ್ಲಿ 800ರ ಮೇಲಿನ ಬೆಳಕು ಇಲ್ಲವೆನ್ನುವಷ್ಟು ಕಡಿಮೆ, ಸಿಹಿಯ ಗುರುತು ಹೆಚ್ಚಾಗಿ ಸಿಗುವುದು ಅಲ್ಲಿಯೇ.