ಗುಡಿಸುವ ಹಡಗಿಗೆ ಎರಡು ಪುಟ ಜಾಸ್ತಿಯಾಯಿತೇ?

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಜಪಾನಿನ ಮೈನ್‌ಸ್ವೀಪರ್‌ಗಳು (ಕಡಲಲ್ಲಿ ಹುದುಗಿಸಿಟ್ಟ ಸಿಡಿಗುಂಡು, ಅಂದರೆ ಮೈನ್, ಗುಡಿಸುವ ಹಡಗುಗಳು) ಪರ್ಷಿಯನ್ ಕೊಲ್ಲಿಗೆ ಹೋದ ಕಥೆಗೆ ಎರಡು ಪುಟ ಕೊಟ್ಟಿದ್ದೀರಿ. ನಮ್ಮ ವಿಕ್ರಾಂತ್ ಬಗ್ಗೆ ಅರ್ಧ ಪುಟವೂ ಇಲ್ಲ. ಅಂಥ ಸಣ್ಣ ಹಡಗುಗಳನ್ನು ಅಷ್ಟು ದೂರ ಕಳಿಸುವುದು ಸುಮ್ನೆ ಡೀಸೆಲ್ ದಂಡ. ಅವರವರ ಬಂದರನ್ನು ಅವರವರು ನೋಡಿಕೊಂಡರೆ ಸಾಲದೇ? ನನ್ನ ಭಾವ ನೌಕಾಪಡೆಯಲ್ಲಿದ್ದವರು, ಅವರಿಗೂ ಲೇಖನ ನೋಡಿ ನಗು ಬಂತು."

ಸಂಪಾದಕರ ಉತ್ತರ:

ವಿಕ್ರಾಂತ್ ಮೇಲಿನ ನಿಮ್ಮ ಅಭಿಮಾನ ನ್ಯಾಯವಾದದ್ದೇ. ಕೊಚ್ಚಿಯಲ್ಲಿ ನಮ್ಮವರೇ ಕಟ್ಟಿದ ಹಡಗು. ಯಾರಿಗೆ ಹೆಮ್ಮೆಯಾಗುವುದಿಲ್ಲ? ಆದರೆ ಅದು ಬಂದರು ದಾಟಿ ಹೊರಗೆ ಬರಬೇಕಲ್ಲ ಸ್ವಾಮಿ! ದಾರಿಯಲ್ಲಿ ಮೈನ್ ಇಲ್ಲ ಎಂದು ಹೇಳುವವರು ಯಾರು?

ನಮ್ಮ ಮುಂಬಯಿಯದೇ ಕಥೆ ಕೇಳಿ. 1917ರ ಫೆಬ್ರವರಿಯಲ್ಲಿ 'ವೋಲ್ಫ್' ಎಂಬ ಜರ್ಮನ್ ಹಡಗು ಸರಕು ಹಡಗಿನ ವೇಷದಲ್ಲಿ ಬಂತು. ಮುಂಬಯಿಯ ಹೊರಗಿನ ನೀರಿನಲ್ಲಿ ಮೈನ್‌ಗಳನ್ನು ಬಿಟ್ಟು ಹೋಯಿತು. ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯ 'ಮಂಗೋಲಿಯಾ' ಅವಕ್ಕೆ ಸಿಕ್ಕಿ ಮುಳುಗಿದ್ದು ಜೂನ್ ತಿಂಗಳಲ್ಲಿ. ಅಷ್ಟು ಹೊತ್ತಿಗೆ ವೋಲ್ಫ್ ನ್ಯೂಜಿಲೆಂಡ್ ಕಡೆ ಅದೇ ಕೆಲಸಕ್ಕೆ ಇಳಿದಿತ್ತು. ಮೈನ್‌ಗೆ ಊಟ ಬೇಡ, ನಿದ್ದೆ ಬೇಡ, ಯುದ್ಧ ಮುಗಿದ ಸುದ್ದಿಯೂ ತಲುಪುವುದಿಲ್ಲ.

ಹಣದ ಲೆಕ್ಕ ಎತ್ತಿದ್ದೀರಿ. 1988ರಲ್ಲಿ ಅಮೆರಿಕದ 'ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್' ಎಂಬ ಯುದ್ಧನೌಕೆ ಕೊಲ್ಲಿಯಲ್ಲಿ ಒಂದು ಮೈನ್‌ಗೆ ತಗುಲಿ ಎರಡು ಹೋಳಾಗುವುದರಲ್ಲಿತ್ತು. ಆ ಮೈನ್ 1908ರ ವಿನ್ಯಾಸದ್ದು, ಬೆಲೆ ಒಂದೆರಡು ಸಾವಿರ ಡಾಲರ್ ಇದ್ದರೆ ಹೆಚ್ಚು. ಹಡಗನ್ನು ಇನ್ನೊಂದು ಹಡಗಿನ ಮೇಲೆ ಹೊತ್ತು ಊರಿಗೆ ತರಬೇಕಾಯಿತು. ರಿಪೇರಿಗೆ ಕೋಟಿಗಟ್ಟಲೆ ಡಾಲರ್. ಕುವೈತನ್ನು ಇರಾಕಿನಿಂದ ಬಿಡಿಸುವ ಯುದ್ಧದಲ್ಲಿ, 1991ರ ಫೆಬ್ರವರಿ 18ರಂದು, ಇನ್ನೂ ಚೆಂದದ ಪ್ರಸಂಗ ನಡೆಯಿತು. ಮೈನ್ ತೆಗೆಯುವ ಹೆಲಿಕಾಪ್ಟರ್‌ಗಳನ್ನು ಹೊತ್ತು ಬಂದಿದ್ದ 'ಟ್ರಿಪೋಲಿ' ತಾನೇ ಮೈನ್ ಮೇಲೆ ಹೋಯಿತು. ಕೆಲವೇ ಗಂಟೆಗಳಲ್ಲಿ 'ಪ್ರಿನ್ಸ್‌ಟನ್' ಎಂಬ ಕ್ರೂಸರ್‌ಗೂ ಅದೇ ಗತಿ. ದೊಡ್ಡ ಹಡಗು, ದೊಡ್ಡ ಫಿರಂಗಿ, ಏನೂ ಉಪಯೋಗಕ್ಕೆ ಬರಲಿಲ್ಲ.

ಈಗ ನೀವು ನಕ್ಕ ಜಪಾನ್. ಆ ಯುದ್ಧಕ್ಕೆ ಅವರು ಕೊಟ್ಟದ್ದು 1,300 ಕೋಟಿ ಡಾಲರ್. ಕುವೈತ್ ಪತ್ರಿಕೆಯಲ್ಲಿ ಜಾಹೀರಾತು ಹಾಕಿ ದೇಶಗಳಿಗೆ ಥ್ಯಾಂಕ್ಸ್ ಹೇಳಿದಾಗ ಪಟ್ಟಿಯಲ್ಲಿ ಜಪಾನಿನ ಹೆಸರೇ ಇಲ್ಲ! ಆಮೇಲೆ ಏಪ್ರಿಲ್‌ನಲ್ಲಿ ನಾಲ್ಕು ಮೈನ್‌ಸ್ವೀಪರ್, ಜೊತೆಗೆ ಎರಡು ಸಹಾಯಕ ಹಡಗು, 511 ಜನ ಹೊರಟರು. ಮೈನ್‌ಸ್ವೀಪರ್‌ಗಳ ಒಡಲು ಮರದ್ದು. ಕಬ್ಬಿಣವಾದರೆ ಕಾಂತದ ಮೈನ್ ಎಚ್ಚೆತ್ತುಕೊಳ್ಳುತ್ತದೆ ನೋಡಿ. ಮನಿಲಾ ಪಕ್ಕದ ಸೂಬಿಕ್, ಸಿಂಗಪುರ, ಕೊಲಂಬೊ, ಕರಾಚಿ ಎಂದು ನಿಲ್ಲುತ್ತಾ ನಿಲ್ಲುತ್ತಾ ದುಬೈ ಮುಟ್ಟಲು ಒಂದು ತಿಂಗಳು ಹಿಡಿಯಿತು. ಬೇರೆಯವರು ಸುಲಭದ ಜಾಗ ಗುಡಿಸಿ ಆಗಿತ್ತು. ಉಳಿದ ಕಷ್ಟದ ನೀರಿನಲ್ಲಿ, ಆ ಬೇಸಿಗೆಯಲ್ಲಿ, ಇವರು 34 ಮೈನ್ ತೆಗೆದರು. ಡಾಲರ್‌ಗೆ ಸಿಗದ ಮರ್ಯಾದೆ ಅದಕ್ಕೆ ಸಿಕ್ಕಿತು. ಇದು ಡೀಸೆಲ್ ದಂಡವೇ? ಅವರ ಎಣ್ಣೆ ಬರುವುದೇ ಆ ನೀರಿನಲ್ಲಿ. ನಮ್ಮದೂ ದೊಡ್ಡ ಪಾಲು ಅಲ್ಲಿಂದಲೇ ಅಲ್ವಾ? ನಿಮ್ಮ ಗ್ಯಾಸ್ ಸಿಲಿಂಡರಿನ ಮಟ್ಟಿಗೆ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಜಲಸಂಧಿ ಕೂಡ ಡೊಂಬಿವಲಿಯ ಬಂದರೇ.

ಗುಡಿಸುವ ಹಡಗಿಗೆ ಕಾದಾಡಲು ಬಾರದು ಎಂದೂ ತಿಳಿಯಬೇಡಿ. ನಮ್ಮದೇ ನೌಕಾಪಡೆಯ 'ಬೆಂಗಾಲ್' ಇತ್ತಲ್ಲ, ಆಸ್ಟ್ರೇಲಿಯಾದಲ್ಲಿ ಕಟ್ಟಿದ ಹೊಸ ಮೈನ್‌ಸ್ವೀಪರ್. 1942ರ ನವೆಂಬರ್‌ನಲ್ಲಿ 'ಒಂಡಿನಾ' ಎಂಬ ಡಚ್ ಟ್ಯಾಂಕರನ್ನು ಕಾಯುತ್ತಾ ಬರುತ್ತಿದ್ದಾಗ ಜಪಾನಿನ ಎರಡು ದೊಡ್ಡ ದಾಳಿ ಹಡಗುಗಳು ಎದುರಾದವು. ಬೆಂಗಾಲ್‌ನಲ್ಲಿದ್ದದ್ದು ಒಂದು ಸಣ್ಣ ಫಿರಂಗಿ. ಓಡಲಿಲ್ಲ, ನೇರ ನುಗ್ಗಿತು. ಕೊನೆಗೆ ಮುಳುಗಿದ್ದು ಆ ಎರಡರಲ್ಲೊಂದಾದ 'ಹೊಕೊಕು ಮಾರು'. ಬೆಂಗಾಲ್, ಒಂಡಿನಾ ಎರಡೂ ಬದುಕಿದವು. ಇದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಈಗಿನ ಸ್ಥಿತಿ ಏನು? ಸೋವಿಯತ್ ದೇಶದಲ್ಲಿ ಕಟ್ಟಿಸಿದ 12 ಮೈನ್‌ಸ್ವೀಪರ್ ನಮ್ಮಲ್ಲಿದ್ದವು. ಅದರಲ್ಲೊಂದರ ಹೆಸರು ಕಾರವಾರ. 2017ರ ಮೇ ತಿಂಗಳಲ್ಲಿ, ಇದೇ ಮುಂಬಯಿಯಲ್ಲಿ, ಅದು ನಿವೃತ್ತವಾಯಿತು. 2019ರಲ್ಲಿ ಕೊನೆಯದಾಗಿ ಕೋಯಿಕ್ಕೋಡ್. ಅಲ್ಲಿಗೆ ಮನೆ ಖಾಲಿ. ಗೋವಾ ಶಿಪ್‌ಯಾರ್ಡ್‌ನಲ್ಲಿ ಕೊರಿಯಾದವರ ಜೊತೆ ಸೇರಿ ಹೊಸದಾಗಿ 12 ಕಟ್ಟುವ ಮಾತು 2018ರಲ್ಲೇ ಮುರಿದುಬಿದ್ದಿತ್ತು. 2025ರ ಜುಲೈಯಲ್ಲಿ ರಕ್ಷಣಾ ಖರೀದಿ ಮಂಡಳಿ ಮತ್ತೆ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆ ಅಂದರೆ ಕಾಗದ. ಹಡಗು ನೀರಿಗಿಳಿಯಲು ವರ್ಷಗಳು ಬೇಕು. ಬೇರೆಯವರ ಕಡಲಿಗೆ ಕಳಿಸುವ ಮಾತು ಬಿಡಿ, ನಮ್ಮ ಬಾಗಿಲು ಗುಡಿಸಲೇ ಸರಿಯಾದ ಹಡಗಿಲ್ಲ.

ಕಾಣುವ ಕೆಲಸಕ್ಕೆ ಮೆರವಣಿಗೆ, ಕಾಣದ ಕೆಲಸಕ್ಕೆ ಸೊನ್ನೆ. ಇದು ದೆಹಲಿಯ ರೋಗ ಮಾತ್ರ ಅಲ್ಲ. ಈ ಊರಿನ ನಮ್ಮವರ ಒಂದು ಸಂಘ ಸಭಾಗೃಹ ಕಟ್ಟಿಸಿತು. ಹೆಸರು ಹೇಳುವುದಿಲ್ಲ, ಅಲ್ಲಿ ನಮಗೆ ಚಂದಾದಾರರಿದ್ದಾರೆ. ಉದ್ಘಾಟನೆಗೆ ಹಾರ, ಶಾಲು, ಅಮೃತಶಿಲೆಯ ಫಲಕ, ಅದರಲ್ಲಿ ದಾನಿಗಳ ಹೆಸರು. ಮರುವರ್ಷದ ಮಳೆಗೇ ಮಾಡು ಸೋರಿತು. ಸೋರುವುದನ್ನು ನಿಲ್ಲಿಸಲು ಚಂದಾ ಕೇಳಿದರೆ ಒಬ್ಬರೂ ಇಲ್ಲ, ಯಾಕೆಂದರೆ ವಾಟರ್‌ಪ್ರೂಫಿಂಗ್ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ. ನಮ್ಮ ಪತ್ರಿಕೆಯಲ್ಲೂ ಅಷ್ಟೇ, ಕವಿಗೆ ಅಭಿಮಾನಿಗಳಿದ್ದಾರೆ, ಕರಡು ತಿದ್ದುವವರಿಗೆ ಯಾರಿದ್ದಾರೆ?

ಇರಲಿ. ವಿಕ್ರಾಂತ್ ಚಿತ್ರ ದೀಪಾವಳಿ ಸಂಚಿಕೆಯ ಮುಖಪುಟಕ್ಕೆ ಹಾಕೋಣ. ಆದರೆ ನಿಮ್ಮ ಭಾವ ಯಾವ ಹಡಗಿನಲ್ಲಿದ್ದರು ಅಂತ ನೀವು ಬರೆದೇ ಇಲ್ಲ. ಮೈನ್‌ಸ್ವೀಪರ್ ಕಂಡವರಾದರೆ ನಗುವುದು ಬಿಟ್ಟು ನಮಗೊಂದು ಲೇಖನ ಬರೆಯಲಿ. ಕಾಗದದ ಒಂದೇ ಮಗ್ಗುಲಲ್ಲಿ, ತಿಂಗಳ ಇಪ್ಪತ್ತರ ಒಳಗೆ ಬರಲಿ.