ಸಂಪಾದಕರ ಉತ್ತರ: ‘ನನಗೇನೂ ತೊಂದರೆಯಿಲ್ಲ, ಅವಳಿಗೆ ಎಲ್ಲಿಂದ ಬಂತು?’

ಆಳಂದ ತಾಲ್ಲೂಕಿನ ಓದುಗರೊಬ್ಬರು ಹೆಸರು ಹಾಕಬಾರದೆಂದು ಕೋರಿ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಮದುವೆಯಾಗಿ ಎರಡು ವರ್ಷ. ಹೆಂಡತಿ ಈಗ ಐದು ತಿಂಗಳ ಬಸುರಿ. ಬಿಳಿ ಸೆರಗು ಹೆಚ್ಚಾಯಿತೆಂದು ಕಲಬುರಗಿಗೆ ಕರೆತಂದು ತೋರಿಸಿದಾಗ ಪರೀಕ್ಷೆಯಲ್ಲಿ ಕ್ಲಮೈಡಿಯಾ (ಬ್ಯಾಕ್ಟೀರಿಯಾದಿಂದ ಬರುವ ಲೈಂಗಿಕ ಸೋಂಕು) ಎಂದು ಬಂತು. ವೈದ್ಯರು ಆಕೆಗೆ ಮಾತ್ರೆ ನುಂಗಿಸಿ, ಗಂಡನೂ ಚಿಕಿತ್ಸೆ ಪಡೆಯಬೇಕು ಎಂದರು. ಇವರು ಪಡೆಯಲಿಲ್ಲ. ಹೆಂಡತಿಯನ್ನು ಶಹಾಪುರದ ತವರಿಗೆ ಕಳುಹಿಸಿಬಿಟ್ಟರು. ‘ನನಗೆ ಉರಿಯಿಲ್ಲ, ನೋವಿಲ್ಲ. ಹಾಗಾದರೆ ಇದು ಅವಳಿಗೆ ಎಲ್ಲಿಂದ ಬಂತು? ಬಸ್ ನಿಲ್ದಾಣದ ಶೌಚಾಲಯದಿಂದಲೇ? ಇದೇ ರೋಗಾಣು ಕಣ್ಣಿಗೂ ಬರುತ್ತದೆಯಂತೆ. ನನ್ನ ತಾಯಿಗೆ ಹಳೆಯ ಕಣ್ಣುಬೇನೆ ಇದೆ, ಅದರಿಂದ ಬಂದಿರಬಹುದೇ?’ ಇದು ಅವರ ಪ್ರಶ್ನೆ.

ಸಹೋದರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಪುಟದ ಅಂಚಿನಲ್ಲಿ, ಆಮೇಲೆ ನೆನಪಾಗಿ ಸೇರಿಸಿದಂತೆ, ಬೇರೆ ಶಾಯಿಯಲ್ಲಿ ಒಂದು ಸಾಲು ಇದೆ: ‘ಮದುವೆಗೆ ಮುಂಚೆ ಆರು ವರ್ಷ ಪುಣೆಯಲ್ಲಿದ್ದೆ, ಆಗ ನಡೆದದ್ದು ಬೇರೆ ವಿಷಯ.’ ಅದು ಬೇರೆ ವಿಷಯವಲ್ಲ. ಅದನ್ನು ನೀವು ಬರೆದಿರಿ ಎಂಬುದೇ ನನಗೆ ಧೈರ್ಯ ಕೊಟ್ಟಿದೆ, ಹಾಗಾಗಿ ಬಿಚ್ಚಿ ಹೇಳುತ್ತೇನೆ.

ನಿಮಗೆ ತೊಂದರೆ ಇಲ್ಲದಿರುವುದು ನಿಮ್ಮಲ್ಲಿ ರೋಗಾಣು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಸೋಂಕು ತಗುಲಿದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಹೆಂಗಸರಲ್ಲಿ ಅದಕ್ಕೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಚಿಕಿತ್ಸೆ ಮಾಡದಿದ್ದರೆ ಅದು ವರ್ಷ ಕಳೆದರೂ ಮೈಯಲ್ಲಿ ಉಳಿದಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.9 ಕೋಟಿ ಹೊಸ ಸೋಂಕುಗಳಾದವು. ಇಷ್ಟು ಹರಡುವುದಕ್ಕೆ ಮುಖ್ಯ ಕಾರಣವೇ ಈ ಮೌನ.

ಮೌನದ ಗುಟ್ಟು ಅದರ ಬದುಕಿನ ರೀತಿಯಲ್ಲಿದೆ. ನಮ್ಮ ತೊಗರಿ ಹೊಲವನ್ನು ನೆನೆಸಿಕೊಳ್ಳಿ. ಒಣ ಬೀಜ ಚೀಲದಲ್ಲಿ ಬೆಳೆಯುವುದಿಲ್ಲ, ಮಣ್ಣು ಬೇಕು. ಕ್ಲಮೈಡಿಯಾಕ್ಕೂ ಇಂಥ ಬೀಜರೂಪವಿದೆ: ಗಟ್ಟಿ ಹೊದಿಕೆಯ ಕಣ, ಮೂರು ಸಾವಿರವನ್ನು ಸಾಲಾಗಿ ಇಟ್ಟರೂ ಒಂದು ಮಿಲಿಮೀಟರ್ ಆದೀತು ಅಷ್ಟೆ. ಅದು ಹೊರಗೆ ಬೆಳೆಯಲಾರದು, ಸೋಂಕು ಮಾತ್ರ ತರಬಲ್ಲದು. ನಮ್ಮ ಜೀವಕೋಶದ ಒಳಗೆ ಹೊಕ್ಕ ಮೇಲೆ ತನ್ನದೇ ಒಂದು ಗೂಡು ಮಾಡಿಕೊಂಡು, ರೂಪ ಬದಲಿಸಿ, ದೊಡ್ಡದಾಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತದೆ. ಬೇಕಾದ ಪೋಷಕಾಂಶಗಳನ್ನೆಲ್ಲ ಆ ಕೋಶದಿಂದಲೇ ಎಳೆದುಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಮರಿಗಳೆಲ್ಲ ಮತ್ತೆ ಬೀಜರೂಪಕ್ಕೆ ತಿರುಗಿ, ಒಣಗಿದ ಕಾಯಿ ಸಿಡಿದಂತೆ ಕೋಶವನ್ನು ಒಡೆದು ಹೊರಬರುತ್ತವೆ, ಪಕ್ಕದ ಕೋಶಗಳಿಗೆ ನುಗ್ಗುತ್ತವೆ. ಪ್ರತಿಕೂಲ ಕಾಲ ಬಂದರೆ ಒಡೆಯುವುದನ್ನು ನಿಲ್ಲಿಸಿ ಒಳಗೇ ತೆಪ್ಪಗೆ ಕೂರುವುದೂ ಉಂಟು. ಜೀವಕೋಶದ ಹೊರಗೆ ಬೆಳೆಯುವುದೇ ಇಲ್ಲವಾದ್ದರಿಂದ ಬಹುಕಾಲ ಇದನ್ನು ವೈರಸ್ ಎಂದೇ ಎಣಿಸಿದ್ದರು. ಹೆಸರು ಬಂದಿರುವುದೂ ಗ್ರೀಕ್ ಭಾಷೆಯ ‘ಮೇಲುಹೊದಿಕೆ’ ಎಂಬ ಪದದಿಂದ.

ಶೌಚಾಲಯ, ಬಟ್ಟೆ, ಒಂದೇ ತಟ್ಟೆಯ ಊಟ, ಇವು ಯಾವುದರಿಂದಲೂ ಜನನಾಂಗದ ಈ ಸೋಂಕು ಬರುವುದಿಲ್ಲ. ಲೈಂಗಿಕ ಸಂಪರ್ಕದಿಂದ ಬರುತ್ತದೆ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ.

ಇನ್ನು ನಿಮ್ಮ ತಾಯಿಯ ಕಣ್ಣು. ಅವರು ತಿಂಗಳಿಗೊಮ್ಮೆ ರೆಪ್ಪೆಗೂದಲು ಕೀಳಿಸಿಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ನನ್ನ ಅಜ್ಜಿಯೂ ಹಾಗೆಯೇ. ಕಟ್ಟೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕುಳಿತರೆ ಅತ್ತೆ ಚಿಕ್ಕ ಚಿಮುಟದಿಂದ ಒಳಕ್ಕೆ ತಿರುಗಿದ ಕೂದಲನ್ನು ಒಂದೊಂದಾಗಿ ಕೀಳುತ್ತಿದ್ದರು. ಕೂದಲು ಎಷ್ಟು ಸಣ್ಣವೆಂದರೆ ಅತ್ತೆ ಅವನ್ನು ಸೀರೆಯ ಬಿಳಿ ಅಂಚಿನ ಮೇಲಿಟ್ಟು ಎಣಿಸುತ್ತಿದ್ದರು. ಅಜ್ಜಿ ಎದ್ದು ಹೋಗುವಾಗಲೂ ಕೈ ಅಡ್ಡ ಹಿಡಿದೇ ನಡೆಯುತ್ತಿದ್ದರು. ಅದು ಟ್ರಕೋಮಾ. ಚಿಕ್ಕಂದಿನಲ್ಲಿ ನೊಣ, ಕೈ, ಎಲ್ಲರ ಮುಖ ಒರೆಸುವ ಒಂದೇ ಸೆರಗು, ಇವುಗಳಿಂದ ಮತ್ತೆ ಮತ್ತೆ ಸೋಂಕಾಗಿ ರೆಪ್ಪೆಯ ಒಳಮೈ ಕಲೆಗಟ್ಟಿ, ವರ್ಷಗಳ ನಂತರ ರೆಪ್ಪೆ ಒಳಕ್ಕೆ ಮಡಚಿಕೊಂಡು ಕೂದಲು ಕಣ್ಣನ್ನೇ ಉಜ್ಜುತ್ತದೆ. ರೋಗಾಣುವಿನ ಜಾತಿ ಒಂದೇ ಆದರೂ ತಳಿ ಬೇರೆ. ಕಣ್ಣಿನದು ಎ, ಬಿ, ಸಿ ತಳಿಗಳು, ಜನನಾಂಗದ್ದು ಡಿಯಿಂದ ಕೆ ವರೆಗಿನವು. ನಿಮ್ಮ ತಾಯಿಯಲ್ಲಿ ಈಗ ಉಳಿದಿರುವುದು ಬಹುಮಟ್ಟಿಗೆ ಹಳೆಯ ಗಾಯದ ಕಲೆ. ಆ ತಾಯಿಯ ಮೇಲೆ ಈ ಹೊರೆ ಹೊರಿಸಬೇಡಿ. ಕಣ್ಣಿನ ವೈದ್ಯರಿಗೆ ತೋರಿಸಿ, ರೆಪ್ಪೆಯನ್ನು ಸರಿಪಡಿಸುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಟ್ರಕೋಮಾವನ್ನು ಭಾರತ ನಿವಾರಿಸಿದೆ ಎಂದು ಘೋಷಿಸಿದಾಗ ನನಗೆ ಮೊದಲು ನೆನಪಾದದ್ದು ಆ ಚಿಮುಟ.

ಹಾಗಾದರೆ ಯಾರಿಂದ ಬಂತು? ಯಾವ ಪರೀಕ್ಷೆಯೂ ಇದನ್ನು ಹೇಳುವುದಿಲ್ಲ. ವರದಿಯಲ್ಲಿ ಇರುವುದು ಇಂದು ರೋಗಾಣು ಇದೆ ಎಂಬುದಷ್ಟೇ. ಯಾವಾಗ ಬಂತು, ಯಾರು ತಂದರು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ನಿಮ್ಮ ಹೆಂಡತಿಯಲ್ಲಿ ರೋಗ ಮೊದಲು ಪತ್ತೆಯಾಯಿತು, ಏಕೆಂದರೆ ಮೊದಲು ಪರೀಕ್ಷೆ ಮಾಡಿಸಿಕೊಂಡವರು ಅವರು. ಮೊದಲು ಸಿಕ್ಕವರೇ ತಂದವರು ಎಂದು ತೀರ್ಮಾನಿಸಿ ಬಸುರಿಯನ್ನು ತವರಿಗೆ ಅಟ್ಟಿದ್ದು ಅನ್ಯಾಯ. ಈ ಮಾತು ನಿಮಗೆ ನೋಯಬಹುದು, ಆದರೂ ಹೇಳದಿರಲಾರೆ. ನಮ್ಮ ಭಾಗದಿಂದ ಸಾವಿರಾರು ಗಂಡಸರು ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಅಲ್ಲಿಂದ ಏನು ಬಂದರೂ ಊರಿನಲ್ಲಿ ಉತ್ತರ ಕೊಡಬೇಕಾದವಳು ಹೆಂಡತಿಯೇ ಎಂಬ ರೂಢಿಯನ್ನು ನಾನು ಒಪ್ಪುವುದಿಲ್ಲ.

ಚಿಕಿತ್ಸೆ ಸುಲಭ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ವಿಭಾಗವಿದೆ. ಪುಣೆಯ ವಿಷಯವನ್ನು ಅಲ್ಲಿನ ವೈದ್ಯರಿಗೆ ಮುಚ್ಚಿಡದೆ ಹೇಳಿ. ಗಂಡಸರಿಗೆ ಮೂತ್ರದ ಮಾದರಿ ಸಾಕು, ಅದೂ ಮೊದಲ ಧಾರೆಯದು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ದಿನಕ್ಕೆ ಎರಡರಂತೆ ಏಳು ದಿನ ಕೊಡುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಎರಡು ದಿನ ನುಂಗಿ ಬಿಡಬೇಡಿ. ಬಸುರಿಯರಿಗೆ ಆ ಮಾತ್ರೆ ಆಗದು, ಅವರಿಗೆ ಅಜಿತ್ರೋಮೈಸಿನ್. ನಿಮ್ಮ ಹೆಂಡತಿ ಅದನ್ನು ನುಂಗಿದ್ದಾರೆ; ಆದರೆ ಒಮ್ಮೆ ವಾಸಿಯಾದವರಿಗೆ ಮತ್ತೆ ಬರಬಾರದೆಂದಿಲ್ಲ. ನಿಮ್ಮ ಚಿಕಿತ್ಸೆ ಪೂರ್ತಿಯಾಗದೆ ಕೂಡಿದರೆ ರೋಗ ಅವರಿಗೆ ಮರಳಿ ಹೋಗುತ್ತದೆ. ಮಾತ್ರೆ ನುಂಗಿದ ಸುಮಾರು ನಾಲ್ಕು ವಾರಕ್ಕೆ ಅವರಿಗೆ ಮರುಪರೀಕ್ಷೆ ಮಾಡಿಸಿ. ಅಲಕ್ಷ್ಯ ಮಾಡಿದರೆ ಸೋಂಕು ಗರ್ಭನಾಳಕ್ಕೆ ಏರಿ ಅದನ್ನು ಮುಚ್ಚಿಬಿಡಬಹುದು. ಮುಂದೆ ಬಂಜೆತನಕ್ಕೂ ನಾಳದಲ್ಲೇ ಗರ್ಭ ಕಟ್ಟುವ ಅಪಾಯಕ್ಕೂ ಅದೇ ದಾರಿ.

ಹೆರಿಗೆಯ ವೈದ್ಯರಿಗೂ ಈ ವರದಿಯನ್ನು ತೋರಿಸಿ. ಮಗು ಹುಟ್ಟಿದ ಮೊದಲ ಎರಡು ವಾರ ಕಣ್ಣಿನ ಮೇಲೆ ಗಮನವಿರಲಿ. ರೆಪ್ಪೆ ಊದಿ ಕೀವು ಕಂಡರೆ ಹರಳೆಣ್ಣೆ, ಎದೆಹಾಲು, ಕಾಡಿಗೆ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಈ ರೋಗಾಣುವಿಗೆ ಕಣ್ಣಿನ ಹನಿಯೊಂದೇ ಸಾಲದು, ಹೊಟ್ಟೆಗೂ ಔಷಧಿ ಬೇಕು. ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ ಬಿಡದ ಕೆಮ್ಮು ಬಂದರೂ ಇದೇ ಮಾತು, ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮೊದಲು ಶಹಾಪುರದ ಬಸ್ಸು ಹತ್ತಿ. ಮಾವನವರ ಮನೆಯಲ್ಲಿ ಎಲ್ಲರೆದುರು ಏನನ್ನೂ ವಿವರಿಸಬೇಕಾಗಿಲ್ಲ. ಹೆಂಡತಿಯನ್ನು ಒಬ್ಬರನ್ನೇ ಕೂರಿಸಿಕೊಂಡು, ಪುಣೆಯ ಆ ಒಂದು ಸಾಲನ್ನು ನನಗೆ ಬರೆದಂತೆಯೇ ಅವರಿಗೂ ಹೇಳಿ.